ಪರದೆಯ ಮೇಲಿನ ಸಾಮ್ರಾಜ್ಯಗಳೂ ಶ್ರಾವಕರ ಹಣವೂ

ಪ್ರಾಚೀನ ಹಾಗೂ ಮಧ್ಯಯುಗದ ರಾಜಮನೆತನಗಳನ್ನು ಕುರಿತ ಚಲನಚಿತ್ರಗಳಿಗೂ ಧಾರಾವಾಹಿಗಳಿಗೂ ಈಗ ಸುಗ್ಗಿಯ ಕಾಲ. ಚೋಳರ ಕಥೆಯನ್ನಾಧರಿಸಿದ ‘ಪೊನ್ನಿಯಿನ್ ಸೆಲ್ವನ್’ ಚಿತ್ರವು 2022 ಮತ್ತು 2023ರಲ್ಲಿ ಎರಡು ಭಾಗಗಳಾಗಿ ತೆರೆಕಂಡು ಜನಸಾಗರವನ್ನೇ ಸೆಳೆದ ಮೇಲೆ, ನಮ್ಮ ಸಮಾಜದ ಸಭೆಗಳಲ್ಲಿಯೂ ಒಂದು ಮಾತು ಪದೇ ಪದೇ ಕೇಳಿಬರುತ್ತಿದೆ. ಚೋಳರಿಗೆ ಚಿತ್ರವಿದೆ, ನಮ್ಮ ಗಂಗರಿಗೂ ರಾಷ್ಟ್ರಕೂಟರಿಗೂ ಏಕಿಲ್ಲ? ಚಾವುಂಡರಾಯನನ್ನು ಕುರಿತು ಭವ್ಯವಾದೊಂದು ಚಿತ್ರವನ್ನು ನಮ್ಮ ಅನುಕೂಲಸ್ಥ ಶ್ರಾವಕರೇ ಕೂಡಿ ತೆಗೆಯಬಾರದೇಕೆ? ಹೀಗೆ ಕೇಳುವವರ ಧರ್ಮಾಭಿಮಾನವನ್ನು ನಾನು ಶಂಕಿಸುವುದಿಲ್ಲ. ಆದರೆ ಈ ಸಲಹೆಯು ಧರ್ಮಕ್ಕೆ ಒಪ್ಪುವಂಥದಲ್ಲವೆಂದೂ, ಇದಕ್ಕೆ ಹಣ ಕೊಡುವುದು ದಾನವೆನಿಸದೆಂದೂ ಸ್ಪಷ್ಟವಾಗಿ ಹೇಳಬೇಕಾಗಿದೆ.

ಅವರ ದೂರಿನಲ್ಲಿ ಸತ್ಯಾಂಶವಿದೆ. ಆ ಚೋಳ ಚಿತ್ರದ ಆರಂಭದಲ್ಲಿ ರಾಷ್ಟ್ರಕೂಟರು ಸೋಲುವುದಕ್ಕಾಗಿಯೇ ಬಂದು ಹೋಗುತ್ತಾರೆ. ಕ್ರಿ.ಶ. 949ರಲ್ಲಿ ತಕ್ಕೋಲದ ಯುದ್ಧದಲ್ಲಿ ಮುಮ್ಮಡಿ ಕೃಷ್ಣನ ಪರವಾಗಿ ಹೋರಾಡಿದ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದದ್ದು ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನದಿಂದ ತಿಳಿಯುತ್ತದೆ. ಮಾನ್ಯಖೇಟವನ್ನು 972ರಲ್ಲಿ ಸೂರೆ ಮಾಡಿದವನಾದರೋ ಪರಮಾರ ಸೀಯಕ. ಪರದೆಯ ಮೇಲೆ ಇಂಥ ವಿವರಗಳಿಗೆ ಬೆಲೆಯಿಲ್ಲ. (ಅದೇ ಆತಕೂರಿನ ಕಲ್ಲು, ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯನ್ನೂ ನೆನೆಯುತ್ತದೆ; ಇತಿಹಾಸವು ನಮ್ಮ ಚಿತ್ರಕಥೆಗಾರರಿಗಿಂತ ವಿಶಾಲಹೃದಯದ್ದು.) ಕನ್ನಡದಲ್ಲಿ 1967ರ ‘ಇಮ್ಮಡಿ ಪುಲಿಕೇಶಿ’, 1975ರ ‘ಮಯೂರ’ ಚಿತ್ರಗಳು ಚಾಲುಕ್ಯರ ಮತ್ತು ಕದಂಬರ ಹೆಸರುಗಳನ್ನು ಮನೆಮನೆಗೆ ಮುಟ್ಟಿಸಿದುದನ್ನೂ ನಾನು ಅಲ್ಲಗಳೆಯಲಾರೆ. ಆದರೂ ಪುಲಿಕೇಶಿಯನ್ನು ಬಲ್ಲವರೆಷ್ಟು ಮಂದಿ, ಐಹೊಳೆಯ ಮೇಗುತಿಯಲ್ಲಿ 634ರಲ್ಲಿ ಜಿನಾಲಯವನ್ನು ಕಟ್ಟಿಸಿ ಆತನ ಪ್ರಶಸ್ತಿಯನ್ನು ರಚಿಸಿದ ರವಿಕೀರ್ತಿಯನ್ನು ಬಲ್ಲವರೆಷ್ಟು ಮಂದಿ? ಕದಂಬ ಮೃಗೇಶವರ್ಮನು ಹಲಸಿಯಲ್ಲಿ ಜಿನಾಲಯವನ್ನು ನಿರ್ಮಿಸಿ ಯಾಪನೀಯರಿಗೂ ನಿರ್ಗ್ರಂಥರಿಗೂ ಕೂರ್ಚಕರಿಗೂ ದತ್ತಿ ಬಿಟ್ಟದ್ದನ್ನು ಯಾವ ಪ್ರೇಕ್ಷಕ ಕೇಳಿದ್ದಾನೆ?

ಇದು ನಿರ್ಮಾಪಕರ ಅಜ್ಞಾನದಿಂದ ಆದುದಲ್ಲ, ವ್ಯಾಪಾರದ ನಿಯಮದಿಂದ ಆದುದು. ನಾಲ್ಕು ದಶಕ ಅಂಗಡಿಯ ಗಲ್ಲೆಯಲ್ಲಿ ಕುಳಿತವನಿಗೆ ಇದು ಸುಲಭವಾಗಿ ತಿಳಿಯುತ್ತದೆ. ಕೋಟಿಗಟ್ಟಲೆ ಬಂಡವಾಳ ಹೂಡಿದವನಿಗೆ ಅದು ಮರಳಬೇಕು. ಮರಳಬೇಕಾದರೆ ನೂಕುನುಗ್ಗಲು ಬೇಕು. ನೂಕುನುಗ್ಗಲಿಗೆ ಯುದ್ಧ ಬೇಕು. ಚಾವುಂಡರಾಯನಿಗೆ ಸಮರಪರಶುರಾಮ, ರಣರಂಗಸಿಂಗ, ವೈರಿಕುಲಕಾಲದಂಡ ಎಂಬ ಬಿರುದುಗಳಿದ್ದವು. ಸತ್ಯಯುಧಿಷ್ಠಿರ, ಸಮ್ಯಕ್ತ್ವರತ್ನಾಕರ ಎಂಬವೂ ಇದ್ದವು. ಛಾಯಾಗ್ರಾಹಕನ ಯಂತ್ರವು ಮೊದಲಿನ ಮೂರನ್ನು ಎರಡು ಗಂಟೆ ತೋರಿಸುತ್ತದೆ. ಕೊನೆಯ ಎರಡಕ್ಕೆ ಹಿನ್ನೆಲೆ ಸಂಗೀತದೊಡನೆ ಹತ್ತು ನಿಮಿಷ ಸಿಕ್ಕರೆ ಅದೇ ಭಾಗ್ಯ. ಗದ್ಯದಲ್ಲಿ ಮಹಾಪುರಾಣವನ್ನು ಬರೆದವನು, ಯಾರಿಗಾಗಿ ನೇಮಿಚಂದ್ರಾಚಾರ್ಯರು ಗೊಮ್ಮಟಸಾರವನ್ನು ರಚಿಸಿದರೋ ಅವನು, ಆ ಹತ್ತು ನಿಮಿಷದಲ್ಲಿ ಹೇಗೆ ಹಿಡಿಸಿಯಾನು?

ಚಾವುಂಡರಾಯನೇ ಯುದ್ಧ ಮಾಡಿದ್ದಾನಲ್ಲ, ಅದನ್ನು ತೋರಿಸಿದರೇನು ದೋಷ ಎಂದು ಕೇಳುವವರಿದ್ದಾರೆ. ಶ್ರಾವಕಾಚಾರವು ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ವಿಂಗಡಿಸುತ್ತದೆ. ಮೇಲೆ ಬಿದ್ದ ವೈರಿಯಿಂದ ನಾಡನ್ನು ಕಾಯುವ ದಂಡನಾಯಕನ ಹಿಂಸೆ ವಿರೋಧೀ ಹಿಂಸೆ. ಗೃಹಸ್ಥನಾದವನು ಅದನ್ನು ಸಂಪೂರ್ಣವಾಗಿ ಬಿಡಲಾರ. ಆದರೆ ಚಿತ್ರ ತೆಗೆಯುವವನ ಮೇಲೆ ಯಾವ ವೈರಿ ದಂಡೆತ್ತಿ ಬಂದಿದ್ದಾನೆ? ರುಂಡ ಹಾರುವ ದೃಶ್ಯವನ್ನು ವಾರಗಟ್ಟಲೆ ಯೋಚಿಸಿ, ರಕ್ತ ಯಾವ ಕಡೆಗೆ ಚಿಮ್ಮಬೇಕೆಂದು ನಿರ್ಧರಿಸಿ, ಜನ ಚಪ್ಪಾಳೆ ತಟ್ಟಲೆಂದೇ ಅದನ್ನು ಯೋಜಿಸುವುದು ನಾಲ್ಕರಲ್ಲಿ ಯಾವುದಕ್ಕೆ ಸೇರುತ್ತದೆಂದು ಓದುಗರೇ ಹೇಳಲಿ.

‘ಪರದೆಯ ಮೇಲೆ ಯಾರೂ ನಿಜವಾಗಿ ಸಾಯುವುದಿಲ್ಲ, ಎಲ್ಲವೂ ಕೃತಕ’ ಎಂಬುದು ಇನ್ನೊಂದು ಸಮಾಧಾನ. ಅನ್ಯರು ಈ ಮಾತನ್ನಾಡಿದರೆ ಕ್ಷಮಿಸಬಹುದು. ಯಶೋಧರನ ಕಥೆಯನ್ನು ಬಲ್ಲ ಜೈನರು ಆಡಬಾರದು. ಸೋಮದೇವಸೂರಿ 959ರಲ್ಲಿ ಸಂಸ್ಕೃತದಲ್ಲಿಯೂ ಜನ್ನ 1209ರಲ್ಲಿ ಕನ್ನಡದಲ್ಲಿಯೂ ಹೇಳಿದ ಆ ಕಥೆಯಲ್ಲಿ ಯಶೋಧರನೂ ತಾಯಿ ಚಂದ್ರಮತಿಯೂ ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಅಲ್ಲಿಯೂ ಜೀವವಿರಲಿಲ್ಲ, ಹಿಟ್ಟಷ್ಟೇ ಇತ್ತು. ಆದರೆ ಕೊಲ್ಲುವ ಸಂಕಲ್ಪವಿತ್ತು. ಆ ಸಂಕಲ್ಪವೇ ಅವರನ್ನು ಜನ್ಮಜನ್ಮಾಂತರಗಳಲ್ಲಿ ತಿರ್ಯಗ್ಯೋನಿಗಳಲ್ಲಿ ಅಲೆಯಿಸಿತು. ಇಂದಿನ ಪರದೆಯ ಮೇಲೆ ಸಾಯುವ ಸೈನಿಕರೂ ಹಿಟ್ಟಿನ ಕೋಳಿಗಳೇ. ಕೃತ, ಕಾರಿತ, ಅನುಮೋದಿತ ಎಂಬ ಮೂರರಲ್ಲಿ ನಟಿಸುವವನದು ಯಾವುದು, ಹಣ ಕೊಡುವವನದು ಯಾವುದು, ಕುಳಿತು ಹರ್ಷಿಸುವವನದು ಯಾವುದು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿಂಸೆಯಲ್ಲಿ ಆನಂದಪಡುವುದನ್ನು ಆಗಮಜ್ಞರು ರೌದ್ರಧ್ಯಾನವೆಂದೇ ಕರೆದಿದ್ದಾರೆ. ಅದು ಕೃತಕವಾದರೆ ರಿಯಾಯಿತಿ ಉಂಟೆಂದು ಎಲ್ಲಿಯೂ ಹೇಳಿಲ್ಲ.

ಎಲ್ಲವೂ ಕೃತಕವೆಂಬುದೂ ಪೂರ್ತಿ ನಿಜವಲ್ಲ. ‘ಪೊನ್ನಿಯಿನ್ ಸೆಲ್ವನ್’ ಚಿತ್ರೀಕರಣದ ವೇಳೆ ಒಂದು ಕುದುರೆ ಸತ್ತಿತೆಂದು 2021ರಲ್ಲಿ ಹೈದರಾಬಾದಿನ ಬಳಿ ಪೊಲೀಸರು ಪ್ರಕರಣ ದಾಖಲಿಸಿದ್ದರು. ಚಿತ್ರದಲ್ಲಿ ಬಳಸುವ ಪ್ರಾಣಿಗಳ ವಿಷಯದಲ್ಲಿ ನಮ್ಮ ದೇಶದಲ್ಲಿ 2001ರಿಂದ ನಿಯಮಗಳಿವೆ. ಪಿಂಜರಾಪೋಲುಗಳನ್ನು ನಡೆಸುವ ಸಮಾಜವು ಒಂದು ಕೈಯಿಂದ ಮುದಿ ಕುದುರೆಗೆ ಮೇವು ಹಾಕಿ, ಇನ್ನೊಂದು ಕೈಯಿಂದ ಇಂಥ ಚಿತ್ರಣಕ್ಕೆ ಹಣ ನೀಡಬೇಕೆ? ಗಣಕಯಂತ್ರದಲ್ಲಿ ಕುದುರೆಗಳನ್ನು ರಚಿಸಬಹುದೆಂಬ ಉತ್ತರ ಸಿದ್ಧವಾಗಿದೆ. ಒಳ್ಳೆಯದು, ಆಗ ಹಿಟ್ಟಿನ ಕೋಳಿಯ ಪ್ರಶ್ನೆ ಮಾತ್ರ ಉಳಿಯುತ್ತದೆ.

ಪಂಪ ರನ್ನರು ಯುದ್ಧವನ್ನು ವರ್ಣಿಸಿಲ್ಲವೆ ಎಂಬ ಆಕ್ಷೇಪಣೆ ಇವೆಲ್ಲಕ್ಕಿಂತ ಗಟ್ಟಿಯಾದುದು. ವರ್ಣಿಸಿದ್ದಾರೆ, ನಿಜ, ರವಿಕೀರ್ತಿಯೂ ವರ್ಣಿಸಿದ್ದಾನೆ. ಆಶ್ರಯದಾತ ಅರಸನಿಗಾಗಿ ಬರೆದ ಲೌಕಿಕ ಕಾವ್ಯದ ಮಿತಿ ಅದು. ಆದರೆ ಅದೇ ಪಂಪನು ಆದಿಪುರಾಣದಲ್ಲಿ ಭರತ ಬಾಹುಬಲಿಗಳನ್ನು ಎದುರುಬದುರು ನಿಲ್ಲಿಸಿದಾಗ ಏನಾಗುತ್ತದೆ? ನಿರಪರಾಧಿಗಳಾದ ಸೈನಿಕರು ಸಾಯಬಾರದೆಂದು ಮಂತ್ರಿಗಳು ತಡೆಯುತ್ತಾರೆ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳು ಸಾಕೆನಿಸುತ್ತವೆ. ಗೆದ್ದವನು ಗೆದ್ದ ಗಳಿಗೆಯಲ್ಲೇ ರಾಜ್ಯವನ್ನು ಬಿಡುತ್ತಾನೆ. ಎರಡು ಸೇನೆಗಳು ಸುಮ್ಮನೆ ನಿಂತು ನೋಡುವ ಈ ಕಥೆಗೆ ಬಂಡವಾಳ ಹಾಕುವ ಧೈರ್ಯ ಯಾವ ನಿರ್ಮಾಪಕನಿಗಿದೆ? 2015 ಮತ್ತು 2017ರಲ್ಲಿ ಬಂದ, ಕಲ್ಪಿತ ಮಾಹಿಷ್ಮತಿಯ ಕಥೆಯುಳ್ಳ ಚಿತ್ರಗಳು ಬಾಹುಬಲಿಯ ಹೆಸರನ್ನು ಮಾತ್ರ ತೆಗೆದುಕೊಂಡವು. ಸಿಂಹಾಸನವನ್ನು ತ್ಯಜಿಸಿದವನ ಹೆಸರು ಸಿಂಹಾಸನದ ಕಾದಾಟಕ್ಕೆ ಶೀರ್ಷಿಕೆಯಾಯಿತು. ಈಗ ಆ ಹೆಸರು ಹೇಳಿದೊಡನೆ ನಮ್ಮ ಮಕ್ಕಳ ಕಣ್ಣಿಗೆ ಕಟ್ಟುವುದು ವಿಂಧ್ಯಗಿರಿಯ ನಿರಾಯುಧ ಮೂರ್ತಿಯಲ್ಲ, ಖಡ್ಗ ಹಿಡಿದ ನಟ. ಇದನ್ನು ಅನ್ಯರು ಮಾಡಿದರು. ಚಾವುಂಡರಾಯನಿಗೆ ಅದನ್ನೇ ನಾವು ನಮ್ಮ ಕೈಯಾರೆ, ನಮ್ಮ ಖರ್ಚಿನಲ್ಲಿ ಮಾಡಬೇಕಂತೆ!

ಹಣವಿದ್ದರೆ ಕೆಲಸಕ್ಕೇನೂ ಬರವಿಲ್ಲ. ಶ್ರವಣಬೆಳಗೊಳದ ಸಂಪುಟವೊಂದರಲ್ಲೇ 573 ಶಾಸನಗಳಿವೆ. ಅವುಗಳಲ್ಲಿ ಐವತ್ತನ್ನಾದರೂ ಆರಿಸಿ ಹೊಸಗನ್ನಡ ಅರ್ಥದೊಡನೆ ಅಗ್ಗದ ಬೆಲೆಗೆ ಶಾಲೆಯ ಮಕ್ಕಳಿಗೆ ಒದಗಿಸಲು ಚಿತ್ರದ ಒಂದು ದಿನದ ಖರ್ಚು ಸಾಕಾದೀತು.

ಆದರೂ ಚಿತ್ರವೇ ಬೇಕೆಂದು ಚಂದಾ ಪುಸ್ತಕ ಹಿಡಿದು ಬರುವವರು ಮೊದಲು ಚಂದ್ರಗಿರಿಗೆ ಹೋಗಿ ಕೂಗೆ ಬ್ರಹ್ಮದೇವ ಕಂಬದ ಶಾಸನವನ್ನು ಓದಿಸಿಕೊಂಡು ಬರಲಿ. ಚಾವುಂಡರಾಯನ ಒಡೆಯನಾದ ಗಂಗ ಮಾರಸಿಂಹನ ವಿಜಯಗಳೆಲ್ಲವೂ ಅದರಲ್ಲಿವೆ. ಅವೆಲ್ಲ ಮುಗಿದ ಮೇಲೆ, ಆತನು ರಾಜ್ಯವನ್ನು ಬಿಟ್ಟು ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ಸಲ್ಲೇಖನ ವ್ರತವನ್ನು ನಡೆಸಿ ಮುಡಿಪಿದನೆಂದಿದೆ. ಆತನು ರಾಷ್ಟ್ರಕೂಟರ ಪಟ್ಟಕ್ಕೇರಿಸಲು ಹೆಣಗಿದ ನಾಲ್ಕನೆಯ ಇಂದ್ರನೂ 982ರಲ್ಲಿ ಬೆಳಗೊಳದಲ್ಲಿ ಅದೇ ವ್ರತದಿಂದ ದೇಹವಿಟ್ಟನು. ಆ ಮೂರು ದಿನಗಳಿಗೆ ತಮ್ಮ ಚಿತ್ರಕಥೆಯಲ್ಲಿ ಎಷ್ಟು ಪುಟ ಮೀಸಲಿಟ್ಟಿದ್ದಾರೆಂಬುದನ್ನು ತೋರಿಸಿದ ಬಳಿಕ ಚಂದಾದ ಮಾತನ್ನಾಡೋಣ.