ಮನೆಯಲ್ಲಿ ಓದುವ ಮಕ್ಕಳನ್ನು ಪ್ರೌಢಶಾಲಾ ಕ್ರೀಡಾಕೂಟಗಳಿಂದ ಹೊರಗಿಟ್ಟಿರುವುದಕ್ಕೆ ಖಂಡನೆ

ಯಾವುದೇ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಹೆಸರಿಲ್ಲವೆಂಬ ಏಕೈಕ ಕಾರಣಕ್ಕೆ, ಮನೆಯಲ್ಲಿಯೇ ವಿದ್ಯಾಭ್ಯಾಸ ನಡೆಸುತ್ತಿರುವ ಮಕ್ಕಳನ್ನೂ ಅವರ ತಂಡಗಳನ್ನೂ ಪ್ರೌಢಶಾಲಾ ಕ್ರೀಡಾಕೂಟಗಳಿಂದ ದೂರವಿಡುವ ಪದ್ಧತಿಯನ್ನು ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಪಾಲಕರನ್ನೊಳಗೊಂಡ ನಮ್ಮ ಸಂಘವು ವಿಷಾದಪೂರ್ವಕವಾಗಿ, ಆದರೆ ನಿಸ್ಸಂದಿಗ್ಧವಾಗಿ ಖಂಡಿಸುತ್ತದೆ. ಪ್ರವೇಶಪಟ್ಟಿಗಳನ್ನು ಪರಿಶೀಲಿಸುವ ದೈಹಿಕ ಶಿಕ್ಷಕರಾಗಲಿ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯ ಸಿಬ್ಬಂದಿಯಾಗಲಿ ತಮ್ಮ ಮುಂದಿರುವ ನಿಯಮವನ್ನು ಪಾಲಿಸುವವರು. ಅವರ ಮೇಲೆ ನಮಗೆ ದೂರಿಲ್ಲ. ದೂರಿರುವುದು ಆ ನಿಯಮದ ಮೇಲೆ ಮತ್ತು ಅದನ್ನು ಮರುಪರಿಶೀಲಿಸಲು ಒಲ್ಲದ ಆಡಳಿತದ ಔದಾಸೀನ್ಯದ ಮೇಲೆ.

ತಾಲ್ಲೂಕಿನಿಂದ ಜಿಲ್ಲೆ, ವಿಭಾಗ, ರಾಜ್ಯಗಳನ್ನು ದಾಟಿ ಭಾರತೀಯ ಶಾಲಾ ಕ್ರೀಡಾ ಒಕ್ಕೂಟದ ರಾಷ್ಟ್ರೀಯ ಸ್ಪರ್ಧೆಗಳವರೆಗೆ ಏರುವ ಈ ಕ್ರೀಡಾಕೂಟಗಳ ಸೋಪಾನದಲ್ಲಿ ಮೊದಲ ಮೆಟ್ಟಿಲೇ ಮುಖ್ಯೋಪಾಧ್ಯಾಯರ ಸಹಿ. ವಯಸ್ಸಿನ ವಂಚನೆ ನಡೆಯಬಾರದು, ಹೊರಗಿನ ಆಟಗಾರರನ್ನು ತಂದು ನಿಲ್ಲಿಸಬಾರದು ಎಂಬ ಅದರ ಉದ್ದೇಶವನ್ನು ನಾವು ಮನಸಾರೆ ಗೌರವಿಸುತ್ತೇವೆ. ಆದರೆ ವಯಸ್ಸನ್ನು ಜನನ ಪ್ರಮಾಣಪತ್ರವೂ, ವಾಸಸ್ಥಳವನ್ನು ಗ್ರಾಮ ಪಂಚಾಯಿತಿಯ ದಾಖಲೆಯೂ ರುಜುವಾತುಪಡಿಸುವಾಗ ಶಾಲಾ ದಾಖಲಾತಿಯೊಂದನ್ನೇ ಪ್ರಾಮಾಣಿಕತೆಯ ಪುರಾವೆಯೆಂದು ಪರಿಗಣಿಸುವುದು ನ್ಯಾಯಸಮ್ಮತವಲ್ಲ. ವರ್ಗೀಕರಣಕ್ಕೂ ಅದರ ಉದ್ದೇಶಕ್ಕೂ ತರ್ಕಬದ್ಧ ಸಂಬಂಧವಿರಬೇಕೆಂಬುದು ಸಂವಿಧಾನದ 14ನೇ ವಿಧಿಯ ಬಗ್ಗೆ ನಮ್ಮ ನ್ಯಾಯಾಲಯಗಳು ಮತ್ತೆ ಮತ್ತೆ ಎತ್ತಿಹಿಡಿದ ತತ್ತ್ವ. ಹದಿನಾಲ್ಕರ ಬಾಲಕಿಯೊಬ್ಬಳು ಎಲ್ಲಿ ಕುಳಿತು ಬೀಜಗಣಿತ ಕಲಿತಳೆಂಬುದಕ್ಕೂ ಆಕೆ ಎಷ್ಟು ದೂರ ಜಿಗಿಯಬಲ್ಲಳೆಂಬುದಕ್ಕೂ ಅಂಥ ಸಂಬಂಧವೇನಿದೆ?

ಇಲ್ಲಿನ ವಿರೋಧಾಭಾಸವು ಗಮನಾರ್ಹವಾದುದು. ಶಾಲೆಯ ಮೆಟ್ಟಿಲೇರದ ಅಭ್ಯರ್ಥಿಯು ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಲು ಇದೇ ರಾಜ್ಯ ಸಮ್ಮತಿಸುತ್ತದೆ. 1989ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮುಕ್ತ ಶಾಲೆಯ ವ್ಯವಸ್ಥೆಗೆ ಕೇಂದ್ರ ಸರ್ಕಾರದ ಮನ್ನಣೆಯಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಅದನ್ನು ಬಲಪಡಿಸುವ ಮಾತನ್ನಾಡಿದೆ. ಅಂದರೆ ಈ ಮಕ್ಕಳ ಓದು ಸರ್ಕಾರಕ್ಕೆ ಗ್ರಾಹ್ಯ, ಅವರ ಓಟ ಮಾತ್ರ ಅಗ್ರಾಹ್ಯ! 2009ರ ಶಿಕ್ಷಣ ಹಕ್ಕು ಅಧಿನಿಯಮದ 10ನೇ ಪ್ರಕರಣವು ಮಕ್ಕಳನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯವೆಂದು ವಿಧಿಸಿರುವುದನ್ನು ನಾವು ಮರೆಮಾಚುವುದಿಲ್ಲ. ಆ ಬಗ್ಗೆ ಚರ್ಚೆಗೆ ನಾವು ಸಿದ್ಧರಿದ್ದೇವೆ. ಆದರೆ ಕರ್ತವ್ಯಲೋಪಕ್ಕಾಗಿ ಪಾಲಕರನ್ನೇ ದಂಡಿಸದ ಆ ಶಾಸನದ ಹೆಸರಿನಲ್ಲಿ ಮಕ್ಕಳನ್ನು ಅಂಕಣದಿಂದ ಹೊರಗೆ ನಿಲ್ಲಿಸುವುದು ಶಾಸನದ ಆಶಯಕ್ಕೇ ಅಪಚಾರ. ಮಗುವಿನ ಆಡುವ ಹಕ್ಕನ್ನು ಸಾರುವ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತವು 1992ರಲ್ಲಿಯೇ ಬದ್ಧವಾಗಿದೆ.

ಮನೆಯ ವಿದ್ಯೆ ಮಲೆನಾಡಿಗೆ ಆಮದಾದ ಹೊಸ ಶೋಕಿಯೆಂದು ಭಾವಿಸುವವರು ಈ ಸೀಮೆಯ ಚರಿತ್ರೆಯನ್ನು ಒಮ್ಮೆ ನೆನೆಯಬೇಕು. ಒಂಟಿಮನೆಗಳ ಈ ನಾಡಿನಲ್ಲಿ ಘಟ್ಟದ ಕೆಳಗಿನಿಂದ ಬಂದ ಐಗಳು ಜಗುಲಿಯ ಮೇಲೆ ಅಕ್ಷರ ತಿದ್ದಿಸಿದ ಕಾಲ ಬಹಳ ಹಿಂದಿನದೇನಲ್ಲ. ಕುಪ್ಪಳಿಯ ಮನೆಯಲ್ಲಿ ಹಾಗೆ ಕಲಿತೇ ಕುವೆಂಪು ಆಮೇಲೆ ತೀರ್ಥಹಳ್ಳಿಯ ಶಾಲೆಗೆ ಸೇರಿದರು. (ಇಂದಿನ ನಮೂನೆಗಳಲ್ಲಿ ಆ ಐಗಳಿಗೆ ಯಾವ ಕಲಮಿನಲ್ಲಿ ಸ್ಥಾನವಿರುತ್ತಿತ್ತೋ ತಿಳಿಯದು.) 1949ರಲ್ಲಿ ನೀನಾಸಂ ರಂಗಸಂಸ್ಥೆ ಹುಟ್ಟಿದ ಹೆಗ್ಗೋಡಿನಲ್ಲಿ ನಿಂತು, ತರಗತಿಯ ಆಚೆಗೂ ವಿದ್ಯೆಯುಂಟೆಂದು ವಾದಿಸಬೇಕಾಗಿ ಬಂದಿರುವುದೇ ಖೇದಕರ. ಹೊರನಾಡಿನ ನಿದರ್ಶನವೂ ಇದೆ: ಅಮೆರಿಕದ ಫ್ಲಾರಿಡಾ ರಾಜ್ಯವು ಮನೆಯಲ್ಲಿ ಓದುವವರಿಗೆ ಸಾರ್ವಜನಿಕ ಶಾಲೆಗಳ ತಂಡಗಳಲ್ಲಿ ಆಡುವ ಅವಕಾಶವನ್ನು 1996ರಲ್ಲಿಯೇ ಶಾಸನಬದ್ಧಗೊಳಿಸಿತು, ಹಾಗೆ ಆಡಿ ಬೆಳೆದ ಟಿಮ್ ಟೀಬೋ 2007ರಲ್ಲಿ ಅಲ್ಲಿನ ಕಾಲೇಜು ಫುಟ್‌ಬಾಲಿನ ಪರಮೋಚ್ಚ ಗೌರವವಾದ ಹೈಸ್‌ಮನ್ ಪ್ರಶಸ್ತಿಗೆ ಪಾತ್ರನಾದ. ಅಲ್ಲಿಯೂ ಎಲ್ಲ ರಾಜ್ಯಗಳು ಏಕಾಭಿಪ್ರಾಯಕ್ಕೆ ಬಂದಿಲ್ಲವೆಂಬುದು ನಿಜ. ಆದರೆ ಆ ಪ್ರಶ್ನೆಯನ್ನು ಶಾಸನಸಭೆಗಳು ಕೈಗೆತ್ತಿಕೊಂಡವು, ಗುಮಾಸ್ತೆಯ ಮೇಜಿನ ಮೇಲೆಯೇ ಮುಗಿಸಿಬಿಡಲಿಲ್ಲ.

ನಮ್ಮ ಕೋರಿಕೆಯಿಂದ ಹಾನಿಯಾಗುವುದು ಯಾರಿಗೆಂಬುದನ್ನೂ ಯೋಚಿಸಬೇಕು. ಕಬಡ್ಡಿಗೆ 7 ಮಂದಿ, ಖೋ-ಖೋಗೆ 9 ಮಂದಿ ಅಂಕಣಕ್ಕಿಳಿಯಬೇಕು. ಕಾಡಂಚಿನಲ್ಲಿಯೂ ಶರಾವತಿಯ ಹಿನ್ನೀರಿನ ಮಗ್ಗುಲಲ್ಲಿಯೂ ಮಕ್ಕಳ ಸಂಖ್ಯೆ ಕ್ಷೀಣಿಸಿರುವ ಸರ್ಕಾರಿ ಶಾಲೆಗಳಿಗೆ ಒಂದು ಪೂರ್ಣ ತಂಡವನ್ನು ಕಟ್ಟುವುದೇ ದುಸ್ಸಾಧ್ಯ. ಅದೇ ಊರಿನ, ಅದೇ ವಯಸ್ಸಿನ, ಮನೆಯಲ್ಲಿ ಓದುವ ಮಗುವೊಂದು ಆ ತಂಡದಲ್ಲಿ ಸೇರಿದರೆ ಶಾಲೆ ಕಳೆದುಕೊಳ್ಳುವುದು ಏನನ್ನೂ ಅಲ್ಲ, ಸಂಜೆ ಒಂದೇ ಬಯಲಿನಲ್ಲಿ ಆಡುವ ಮಕ್ಕಳು ಕೂಟದ ದಿನ ಬೇರ್ಪಡುವ ಪ್ರಸಂಗವೂ ಒದಗುವುದಿಲ್ಲ. ಆದ್ದರಿಂದ ಓಟ, ಜಿಗಿತ, ಎಸೆತಗಳಂಥ ವೈಯಕ್ತಿಕ ಸ್ಪರ್ಧೆಗಳಲ್ಲಿ ಈ ಮಕ್ಕಳಿಗೆ ನೇರ ಪ್ರವೇಶವನ್ನೂ, ಗುಂಪು ಆಟಗಳಲ್ಲಿ ಸಮೀಪದ ಸರ್ಕಾರಿ ಶಾಲೆಯ ತಂಡದೊಡನೆ ಆಡುವ ಅವಕಾಶವನ್ನೂ, ಸಂಖ್ಯೆ ಸಾಕಷ್ಟಿದ್ದಲ್ಲಿ ಪ್ರತ್ಯೇಕ ತಂಡವಾಗಿ ಸ್ಪರ್ಧಿಸುವ ಅನುಮತಿಯನ್ನೂ ಕೊಡಬೇಕೆಂದು ಶಾಲಾ ಶಿಕ್ಷಣ ಇಲಾಖೆಯನ್ನು ಆಗ್ರಹಿಸುತ್ತೇವೆ. ರಾಷ್ಟ್ರೀಯ ಒಕ್ಕೂಟದ ನಿಯಮ ಬದಲಾಗುವವರೆಗೆ ಕಾಯಬೇಕಾಗಿಲ್ಲ. ತಾಲ್ಲೂಕು ಮತ್ತು ಜಿಲ್ಲಾ ಮಟ್ಟದಲ್ಲಿ ಪ್ರಾಯೋಗಿಕವಾಗಿ ಇದನ್ನು ಆರಂಭಿಸಲು ರಾಜ್ಯದ ಇಚ್ಛಾಶಕ್ತಿಯೇ ಸಾಕು. ಮುಂದಿನ ಕ್ರೀಡಾಕೂಟಗಳ ಪ್ರವೇಶಪಟ್ಟಿ ಸಿದ್ಧವಾಗುವುದಕ್ಕೆ ಮುನ್ನ ಪಾಲಕರನ್ನೂ ದೈಹಿಕ ಶಿಕ್ಷಕರನ್ನೂ ಒಟ್ಟಿಗೆ ಕೂರಿಸಿ ಮಾತುಕತೆ ನಡೆಸಬೇಕೆಂದು ಜಿಲ್ಲಾ ಉಪನಿರ್ದೇಶಕರಲ್ಲಿಯೂ, ಈ ಬೇಡಿಕೆಗೆ ದನಿಗೂಡಿಸಬೇಕೆಂದು ಮೂರೂ ತಾಲ್ಲೂಕುಗಳ ಶಾಲಾಭಿವೃದ್ಧಿ ಸಮಿತಿಗಳಲ್ಲಿಯೂ ಸಂಘವು ವಿನಂತಿಸುತ್ತದೆ.