ಉಡದ ಪಟ್ಟು

ದೀಪಾವಳಿಗೆ ಮುಂಚೆ ಮನೆ ಗುಡಿಸಿ ಒರೆಸುವ ಭರದಲ್ಲಿ ಮಗನ ಬಟ್ಟೆಯ ಕಪಾಟಿಗೂ ಕೈ ಹಾಕಿದೆ. ಅಡಿಯಲ್ಲಿ, ಹಳೆಯ ಸ್ವೆಟರಿನ ಮರೆಯಲ್ಲಿ, ನಮ್ಮ ಅಕ್ಕಿ ಡಬ್ಬಿಯಷ್ಟು ದೊಡ್ಡ ಪುಡಿಯ ಡಬ್ಬವೊಂದಿತ್ತು. ಅದರ ಪಕ್ಕದಲ್ಲಿ ಹೆಸರಿಲ್ಲದ, ಬೆಲೆಯಿಲ್ಲದ ಮಾತ್ರೆಯ ಪಟ್ಟಿ. ಪುಡಿಯ ಬಗ್ಗೆ ನನಗೆ ಅಷ್ಟು ಚಿಂತೆಯಾಗಲಿಲ್ಲ. ಹೆಸರಿಲ್ಲದ ಮಾತ್ರೆ ಕಂಡು ಮಾತ್ರ ಕೈಕಾಲು ತಣ್ಣಗಾಯಿತು.

ಸಂಜೆ ಮಾಣಿ ಕಾಲೇಜಿನಿಂದ ಬಂದ. (ನಮ್ಮ ಕುಂದಾಪುರದ ಕಡೆ ಹುಡುಗನಿಗೆ ಮಾಣಿ ಎನ್ನುತ್ತೇವೆ. ನಿಮ್ಮಲ್ಲಿ ಹಲವರಿಗೆ ಹೋಟೆಲಿನ ಮಾಣಿ ಮಾತ್ರ ಗೊತ್ತಿರಬಹುದು!) ನಾನು ಬಯ್ಯಲಿಲ್ಲ. ಎರಡನ್ನೂ ಊಟದ ಮೇಜಿನ ಮೇಲೆ ಇಟ್ಟು, "ಇದೆಂಥದು?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಹೇಳಿದ: "ಅಮ್ಮಾ, ಕಾಲೇಜಿನಲ್ಲಿ ಎಲ್ಲರೂ ನನ್ನನ್ನು ಕಾಡಿ ಪೈಲವಾನ್ ಅಂತಾರೆ. ಜಿಮ್ಮಿನ ಸರ್ ಮೂರು ತಿಂಗಳಲ್ಲಿ ಮೈ ಬರಿಸಿಕೊಡ್ತೀನಿ ಅಂದ್ರು."

ಮರಾಠಿಯ ಕಾಡಿ ಪೈಲವಾನನಿಗೆ ಕನ್ನಡದಲ್ಲೂ ಒಬ್ಬ ಅಣ್ಣ ಇದ್ದಾನೆ, ಕಡ್ಡಿ ಪೈಲ್ವಾನ್. ಇಪ್ಪತ್ತು ವರ್ಷ, ಐದಡಿ ಏಳಂಗುಲ, ಐವತ್ತನಾಲ್ಕು ಕಿಲೋ. ಅಪ್ಪನ ಮನೆ ಕಡೆಯೂ ಅಮ್ಮನ ಮನೆ ಕಡೆಯೂ ನಮ್ಮಲ್ಲಿ ದಪ್ಪಗಿದ್ದವರೇ ಇಲ್ಲ, ಈ ಹುಡುಗ ಎಲ್ಲಿಂದ ತಂದಾನು? ಮರುದಿನ ನಮ್ಮ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಮಾತ್ರೆ ನೋಡಿದ ಕೂಡಲೇ ಅವರು ಸ್ಟೀರಾಯ್ಡ್ ಇರಬಹುದೆಂದು ರಕ್ತಪರೀಕ್ಷೆ ಬರೆದುಕೊಟ್ಟರು. ಯಕೃತ್ತಿನ ಅಂಕಿಗಳು ಏರಿದ್ದವು. ಮಾತ್ರೆ ನಿಲ್ಲಿಸಿ ಎರಡು ತಿಂಗಳಾದ ಮೇಲೆ ಸರಿಹೋಯಿತು. ಆ ಎರಡು ತಿಂಗಳು ನಾನು ಹೇಗೆ ನಿದ್ದೆ ಮಾಡಿದೆ ಎಂದು ಬರೆಯುತ್ತಾ ಕೂತರೆ ಸಂಪಾದಕರು ಕೊಟ್ಟ ಜಾಗ ಅದರಲ್ಲೇ ಮುಗಿದೀತು.

ಈಗ ಕಥೆಯ ಇನ್ನೊಂದು ತುದಿಗೆ ಬರುತ್ತೇನೆ. ಅದೇ ಮಳೆಗಾಲದಲ್ಲಿ ನಾನು ಸ್ಟೇಷನ್ನಿನ ಮೆಟ್ಟಿಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಿದ್ದೆ. ಪ್ಲಾಸ್ಟರ್ ತೆಗೆದ ಮೇಲೆ ಕೈ ನನ್ನದೇ ಅನ್ನಿಸುತ್ತಿರಲಿಲ್ಲ. ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತಿರುಗದು, ಒದ್ದೆ ಟವೆಲ್ ಹಿಂಡಲಾಗದು. ಫಿಸಿಯೋಥೆರಪಿಯ ಹುಡುಗಿ ಒಂದು ಹಿಡಿಕೆ ಕೊಟ್ಟು ಹಿಚುಕಲು ಹೇಳಿದಳು. ಅದರಲ್ಲಿ ಗಡಿಯಾರದಂಥ ಮುಳ್ಳು ಇರುತ್ತದೆ, ನಾವು ಹಿಚುಕಿದ ಬಲ ಕಿಲೋದಲ್ಲಿ ಕಾಣುತ್ತದೆ. ಡೈನಮೋಮೀಟರ್ ಎಂದು ಅದರ ಹೆಸರು. ನನ್ನದು ಹನ್ನೊಂದು. ಕೈಚೀಲ ಹಿಡಿದುಕೊಂಡು ಜತೆಗೆ ಬಂದಿದ್ದ ಮಾಣಿ ತಮಾಷೆಗೆ ಹಿಚುಕಿದ. ನಲವತ್ತೇಳು! ನಮ್ಮ ಹಿಂದೆ ಸರದಿಯಲ್ಲಿ ಕೂತಿದ್ದ, ಅಂಗಿಯ ತೋಳು ಹರಿಯುವ ಹಾಗೆ ಮೈ ಬೆಳೆಸಿದ ಯುವಕನಿಗೂ ಆಸೆಯಾಯಿತು. ಅವನದು ನಲವತ್ತೈದು. ಮತ್ತೊಮ್ಮೆ ಹಿಚುಕಿದ, ಆಗಲೂ ನಲವತ್ತೈದು.

ನಮ್ಮ ಕಡ್ಡಿ ಪೈಲ್ವಾನನಿಗೆ ಆ ನಲವತ್ತೇಳು ಎಲ್ಲಿಂದ ಬಂತು? ಆತ ಕಾಲೇಜಿನ ಗುಂಪಿನೊಂದಿಗೆ ಸಹ್ಯಾದ್ರಿಯ ಕೋಟೆಗಳನ್ನು ಹತ್ತುತ್ತಾನೆ, ಬಂಡೆ ಹಿಡಿದು ಹಗ್ಗ ಹಿಡಿದು. ಉಳಿದ ದಿನ ಲೋಕಲ್ ಟ್ರೈನಿನಲ್ಲಿ ಹಿಡಿಕೆಗೆ ಜೋತುಬೀಳುವ ವ್ಯಾಯಾಮ ಹೇಗೂ ಇದ್ದೇ ಇದೆ.

ಫಿಸಿಯೋ ಹುಡುಗಿ ಇದನ್ನು ಚೆನ್ನಾಗಿ ಬಿಡಿಸಿ ಹೇಳಿದಳು. ಬೆರಳುಗಳ ಒಳಗೆ ಸ್ನಾಯು ಇಲ್ಲವಂತೆ. ಬೆರಳು ಮಡಿಸುವ ದೊಡ್ಡ ಸ್ನಾಯುಗಳೆಲ್ಲ ಮೊಣಕೈ ಮತ್ತು ಮಣಿಕಟ್ಟಿನ ನಡುವೆ ಇವೆ. ಅಲ್ಲಿಂದ ಹುರಿಗಳು ಮಣಿಕಟ್ಟನ್ನು ದಾಟಿ ಬೆರಳ ತುದಿಯವರೆಗೆ ಹೋಗುತ್ತವೆ. ನನಗೆ ಥಟ್ಟನೆ ನೆನಪಾದದ್ದು ನಮ್ಮೂರ ಹತ್ತಿರದ ಉಪ್ಪಿನಕುದ್ರುವಿನ ಸೂತ್ರದ ಗೊಂಬೆ. ಕುಣಿಯುವುದು ಗೊಂಬೆಯಾದರೂ ಎಳೆಯುವವರು ಮೇಲೆ ಇರುತ್ತಾರೆ. ಎದೆ, ಭುಜ ಉಬ್ಬಿಸಿದವನ ಮುಂಗೈ ಹಾಗೇ ಉಳಿದಿರಬಹುದು, ಒಣಕಲ ದೇಹದವನ ಮುಂಗೈ ಹಗ್ಗದಂತೆ ಹೊಸೆದುಕೊಂಡಿರಬಹುದು. ಕನ್ನಡಿಯ ಮುಂದೆ ನಿಂತು ಯಾರೂ ಮುಂಗೈ ನೋಡಿಕೊಳ್ಳುವುದಿಲ್ಲವಲ್ಲ!

ಅಂದಿನಿಂದ ನನಗೆ ಒಂದು ಹುಚ್ಚು ಹಿಡಿಯಿತು. ಸಣ್ಣ ದೇಹದ, ಗಟ್ಟಿ ಹಿಡಿತದ ಜನರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಮಾಣಿ ಕೇಳದಿದ್ದರೂ ಊಟ ಬಡಿಸುವಾಗ ಹೇಳುತ್ತಿದ್ದೆ.

ಮೊದಲನೆಯವರು ಅಮೆರಿಕದ ಲಮಾರ್ ಗ್ಯಾಂಟ್. ಇವರ ಸ್ಪರ್ಧೆಯ ಹೆಸರು ಡೆಡ್‌ಲಿಫ್ಟ್. ನೆಲದ ಮೇಲಿನ ಭಾರದ ಸಲಾಕೆಯನ್ನು ಎರಡು ಕೈಯಲ್ಲಿ ಹಿಡಿದು ನೆಟ್ಟಗೆ ನಿಲ್ಲಬೇಕು, ಅಷ್ಟೇ. ಬೆನ್ನು ಕಾಲುಗಳಿಗೆ ಶಕ್ತಿಯಿದ್ದರೂ ಬೆರಳು ಬಿಚ್ಚಿಕೊಂಡರೆ ಮುಗಿಯಿತು. ಸ್ಪರ್ಧೆಯಲ್ಲಿ ಮಣಿಕಟ್ಟಿಗೂ ಸಲಾಕೆಗೂ ಪಟ್ಟಿ ಸುತ್ತಿಕೊಳ್ಳುವ ಹಾಗಿಲ್ಲ. ಹಾಗಾಗಿ ಹೆಚ್ಚಿನವರು ಒಂದು ಅಂಗೈ ಮುಂದಕ್ಕೆ, ಒಂದು ಹಿಂದಕ್ಕೆ ಮಾಡಿ ಹಿಡಿಯುತ್ತಾರೆ. ಸಲಾಕೆ ಒಂದು ಕೈಯಿಂದ ಉರುಳಲು ನೋಡಿದರೆ ಇನ್ನೊಂದು ಕೈ ತಡೆಯುತ್ತದೆ. ಗ್ಯಾಂಟ್ 1985ರಲ್ಲಿ ಎತ್ತಿದ್ದು ಸುಮಾರು 300 ಕಿಲೋ. ಅವರ ದೇಹದ ತೂಕ 60 ಕಿಲೋ. ತನ್ನ ತೂಕದ ಐದು ಪಟ್ಟು ಭಾರವನ್ನು ಹೀಗೆ ಎತ್ತಿದ ಮೊದಲ ಮನುಷ್ಯ ಆತ.

ಆದರೆ ನನ್ನ ಮನಸ್ಸಿಗೆ ನಾಟಿದ್ದು ಬೇರೆ ವಿಷಯ. ಗ್ಯಾಂಟ್ ಅವರಿಗೆ ಹುಡುಗನಾಗಿದ್ದಾಗಿನಿಂದ ಬೆನ್ನುಮೂಳೆ ಸೊಟ್ಟಗಿತ್ತು, ಎಸ್ ಅಕ್ಷರದ ಹಾಗೆ. ಆ ಸೊಟ್ಟಿನಿಂದ ಮುಂಡ ಗಿಡ್ಡವಾಗಿ, ಕೈಗಳು ಮೊಣಕಾಲ ಹತ್ತಿರದವರೆಗೆ ಇಳಿಯುತ್ತಿದ್ದವು. ಆದ್ದರಿಂದ ಭಾರವನ್ನು ಎತ್ತಬೇಕಾದ ದೂರ ಉಳಿದವರಿಗಿಂತ ಕಡಿಮೆ. ಹಾಗೆಂದು ಮುನ್ನೂರು ಕಿಲೋ ಸುಮ್ಮನೆ ಬರುತ್ತದೆಯೇ? ಎಷ್ಟು ದೂರ ಎತ್ತಿದರೂ ಅಷ್ಟನ್ನೂ ಆ ಬೆರಳುಗಳೇ ಹಿಡಿದಿರಬೇಕು.

ಅದಕ್ಕಿಂತ ಹಳೆಯ ಕಾಲದಲ್ಲಿ ಜೋಸೆಫ್ ಗ್ರೀನ್‌ಸ್ಟೈನ್ ಎಂಬವರಿದ್ದರು. 1893ರಲ್ಲಿ ಪೋಲೆಂಡಿನಲ್ಲಿ ದಿನ ತುಂಬದೆ ಹುಟ್ಟಿದ, ಬದುಕುವುದಿಲ್ಲ ಎಂದು ಹೇಳಿಸಿಕೊಂಡ ಕೂಸು. ಬೆಳೆದ ಮೇಲೂ ಎತ್ತರ ಐದಡಿ ನಾಲ್ಕಂಗುಲ, ತೂಕ ಅರವತ್ತೈದು ಕಿಲೋದ ಆಸುಪಾಸು. ಅಮೆರಿಕಕ್ಕೆ ಹೋಗಿ 'ಮೈಟಿ ಆಟಂ' ಎಂಬ ಹೆಸರಿನಲ್ಲಿ ಕುದುರೆ ಲಾಳವನ್ನು ಬರಿಗೈಯಲ್ಲಿ ಬಗ್ಗಿಸುತ್ತಿದ್ದರು, ಸರಪಳಿ ತುಂಡರಿಸುತ್ತಿದ್ದರು. ಎಂಬತ್ತು ದಾಟಿದ ಮೇಲೂ ಪ್ರದರ್ಶನ ಕೊಟ್ಟು 1977ರಲ್ಲಿ ತೀರಿಕೊಂಡರು. ಅವರ ಕೆಲವು ಸಾಹಸಗಳನ್ನು ಓದುವಾಗ ಸರ್ಕಸ್ಸಿನ ಡಂಗುರವೂ ಸ್ವಲ್ಪ ಸೇರಿದೆ ಎನಿಸುತ್ತದೆ. ಲಾಳ ಬಗ್ಗಿದ್ದು ಮಾತ್ರ ನಿಜ.

ನನಗೆ ಹೆಚ್ಚು ಪ್ರಿಯವಾದ ಹೆಸರು ಟರ್ಕಿಯ ನಯೀಮ್ ಸುಲೇಮಾನೊಗ್ಲು. ಐದಡಿಯೂ ಇಲ್ಲದ ಮನುಷ್ಯ. 1988ರ ಸೋಲ್ ಒಲಿಂಪಿಕ್ಸ್‌ನ 60 ಕಿಲೋ ವಿಭಾಗದಲ್ಲಿ 190 ಕಿಲೋವನ್ನು ತಲೆಯ ಮೇಲಕ್ಕೆ ಎತ್ತಿ ನಿಲ್ಲಿಸಿದರು. ತನ್ನ ತೂಕದ ಮೂರು ಪಟ್ಟಿಗಿಂತ ಹೆಚ್ಚು! ಆತ ಹುಟ್ಟಿದ್ದು ಬಲ್ಗೇರಿಯದ ತುರ್ಕಿ ಮನೆತನದಲ್ಲಿ. ಅಲ್ಲಿನ ಸರಕಾರ ತುರ್ಕಿ ಹೆಸರುಗಳನ್ನೆಲ್ಲ ಬಲವಂತದಿಂದ ಬದಲಿಸಿದಾಗ ಅವರ ಹೆಸರೂ ಬದಲಾಯಿತು. 1986ರಲ್ಲಿ ಮೆಲ್ಬರ್ನಿನ ಸ್ಪರ್ಧೆಗೆ ಹೋದವರು ಅಲ್ಲಿಂದ ತಪ್ಪಿಸಿಕೊಂಡು ಟರ್ಕಿ ಸೇರಿದರು. ಸ್ವಂತ ಹೆಸರನ್ನೂ ಮರಳಿ ಪಡೆದರು. ಪರರಾಜ್ಯದಲ್ಲಿ ಹುಟ್ಟಿ, ನಿಮ್ಮ ಕನ್ನಡ ಹೆಸರನ್ನು ದಿನಕ್ಕೊಬ್ಬರು ಬೇರೆ ಬೇರೆ ರೀತಿ ಉಚ್ಚರಿಸುವುದನ್ನು ಕೇಳುವ ನಿಮಗೆ ಇದು ಚೂರಾದರೂ ತಟ್ಟೀತು.

ಒಲಿಂಪಿಕ್ಸ್ ಪಟುಗಳು ಸಲಾಕೆ ಹಿಡಿಯುವ ಕ್ರಮವನ್ನು ನೀವು ಟಿ.ವಿ.ಯಲ್ಲಿ ಗಮನಿಸಿ. ಹೆಬ್ಬೆರಳನ್ನು ಮೊದಲು ಸಲಾಕೆಗೆ ಸುತ್ತಿ, ಅದರ ಮೇಲೆ ಉಳಿದ ಬೆರಳುಗಳನ್ನು ಕೊಕ್ಕೆಯಂತೆ ಹಾಕುತ್ತಾರೆ. ಮಾಣಿಯ ಮಾತು ಕೇಳಿ ನಾನು ಲಟ್ಟಣಿಗೆಯಲ್ಲಿ ಪ್ರಯೋಗ ಮಾಡಿ ನೋಡಿದೆ, ಹೆಬ್ಬೆರಳು ಜಜ್ಜಿಹೋದ ಹಾಗಾಯಿತು. ಅವರು ಅದೇ ನೋವನ್ನು ದಿನವೂ ಅನುಭವಿಸಿ ಅಭ್ಯಾಸ ಮಾಡಿಕೊಳ್ಳುತ್ತಾರೆ. ಗಂಡಸರ ಸಲಾಕೆ 28 ಮಿಲಿಮೀಟರ್ ದಪ್ಪ, ಹೆಂಗಸರದು 25. ಹೆಂಗಸರ ಸಣ್ಣ ಕೈಗೆ ತಕ್ಕ ಹಾಗೆ ಮಾಡಿದ ಸಾಮಾನು ಜಗತ್ತಿನಲ್ಲಿ ಇದೊಂದಾದರೂ ಇದೆಯಲ್ಲ ಎಂದು ಸಮಾಧಾನವಾಯಿತು. ನಮ್ಮ ಗ್ಯಾಸ್ ಸಿಲಿಂಡರ್ ಮಾಡಿದವರಿಗೆ ಆ ಬುದ್ಧಿ ಬರಲಿಲ್ಲ.

ಹೆಣ್ಣುಮಕ್ಕಳೇ, ಮಣಿಪುರದ ಮೀರಾಬಾಯಿ ಚಾನು ನಿಮಗೆ ಗೊತ್ತೇ ಇದ್ದಾರೆ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಕ್ಲೀನ್ ಅಂಡ್ ಜರ್ಕಿನ ಮೂರು ಯತ್ನವೂ ವಿಫಲವಾಗಿ ಬರಿಗೈಯಲ್ಲಿ ಮರಳಿದವರು. 49 ಕಿಲೋ ವಿಭಾಗದಲ್ಲಿ 2021ರ ಏಪ್ರಿಲ್‌ನಲ್ಲಿ ಅದೇ ಕ್ಲೀನ್ ಅಂಡ್ ಜರ್ಕಿನಲ್ಲಿ 119 ಕಿಲೋ ಎತ್ತಿ ವಿಶ್ವದಾಖಲೆ ಮಾಡಿದರು. ಅದೇ ವರ್ಷ ಟೋಕಿಯೋದಲ್ಲಿ ಬೆಳ್ಳಿ. ಚಿಕ್ಕಂದಿನಲ್ಲಿ ಗುಡ್ಡದಿಂದ ಸೌದೆ ಹೊರೆ ಹೊತ್ತು ತರುತ್ತಿದ್ದ ಹುಡುಗಿ.

ಇನ್ನು ನಮ್ಮೂರಿನವರನ್ನು ಬಿಟ್ಟರೆ ಕುಂದಾಪುರದವರು ನನ್ನನ್ನು ಊರೊಳಗೆ ಸೇರಿಸಲಾರರು! ಗುರುರಾಜ ಪೂಜಾರಿ ಕುಂದಾಪುರ ತಾಲೂಕಿನ ಹಳ್ಳಿಯವರು, ತಂದೆ ವಾಹನ ಚಾಲಕರು. ಕುಸ್ತಿಯ ಆಸೆ ಇದ್ದ ಹುಡುಗ ಉಜಿರೆಯ ಕಾಲೇಜಿಗೆ ಬಂದ ಮೇಲೆ ಭಾರ ಎತ್ತುವುದಕ್ಕೆ ತಿರುಗಿದರು. 2018ರ ಗೋಲ್ಡ್‌ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಬಂದ ಮೊಟ್ಟಮೊದಲ ಪದಕ ಅವರದೇ. 56 ಕಿಲೋ ವಿಭಾಗದಲ್ಲಿ ಒಟ್ಟು 249 ಕಿಲೋ, ಬೆಳ್ಳಿ. 2022ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ 61 ಕಿಲೋ ವಿಭಾಗದ ಕಂಚು. ಐವತ್ತಾರು ಕಿಲೋ ಎಂದೊಡನೆ ಮಾಣಿ ತಟ್ಟೆಯಿಂದ ತಲೆ ಎತ್ತಿದ. "ನನಗಿಂತ ಎರಡೇ ಕಿಲೋ ಜಾಸ್ತಿ" ಎಂದ. ಅಷ್ಟು ದಿನದ ನನ್ನ ಪ್ರವಚನದಲ್ಲಿ ಅವನಿಗೆ ಕೇಳಿಸಿದ್ದು ಅದೊಂದೇ ಇರಬೇಕು.

ಸಣ್ಣವರಿಗೆ ಇದು ಹೇಗೆ ಸಾಧ್ಯ ಎಂಬುದಕ್ಕೆ ಉತ್ತರವನ್ನು ನಾನು ಬಿ.ಎ. ತರಗತಿಯಲ್ಲೇ ಓದಿದ್ದೆ. ಆಗ ಅರ್ಥವಾಗಿರಲಿಲ್ಲ. ಜೆ.ಬಿ.ಎಸ್. ಹಾಲ್ಡೇನ್ 1926ರಲ್ಲಿ ಬರೆದ, ಪ್ರಾಣಿಗಳ ಗಾತ್ರದ ಬಗೆಗಿನ ಪ್ರಬಂಧ. (ಆ ವಿಜ್ಞಾನಿ ಕೊನೆಗಾಲಕ್ಕೆ ಭಾರತಕ್ಕೆ ಬಂದು ನೆಲೆಸಿ, ಭುವನೇಶ್ವರದಲ್ಲಿ ತೀರಿಕೊಂಡರು.) ದೇಹದ ಎತ್ತರ, ಅಗಲ, ದಪ್ಪ ಎಲ್ಲವೂ ಎರಡು ಪಟ್ಟಾದರೆ ತೂಕ ಎಂಟು ಪಟ್ಟಾಗುತ್ತದೆ. ಸ್ನಾಯುವಿನ ಬಲ ಅದರ ಅಡ್ಡ ಅಳತೆಗೆ ಸೇರಿದ್ದು, ಅದು ನಾಲ್ಕೇ ಪಟ್ಟು. ಆದ್ದರಿಂದ ತನ್ನ ತೂಕಕ್ಕೆ ಹೋಲಿಸಿದರೆ ಸಣ್ಣ ಜೀವಿಯೇ ಬಲಶಾಲಿ. ಆದರೆ ನಿಮಗೆ ಸುಳ್ಳು ಆಸೆ ಹುಟ್ಟಿಸಲಾರೆ. ಒಟ್ಟು ಕಿಲೋ ಲೆಕ್ಕ ಹಾಕಿದರೆ ದೊಡ್ಡ ದೇಹ, ದೊಡ್ಡ ಅಂಗೈಯವರೇ ಮುಂದೆ. ತನ್ನನ್ನು ತಾನೇ ಹೊತ್ತು ಹತ್ತಬೇಕಾದಲ್ಲಿ, ಜೋತುಬೀಳಬೇಕಾದಲ್ಲಿ ಹಗುರ ಮೈಯವರಿಗೆ ಲಾಭ. ಚಿತ್ರದುರ್ಗದ ಕೋಟೆ ಗೋಡೆಯನ್ನು ಬರಿಗೈಯಲ್ಲಿ ಹತ್ತುವ ಜ್ಯೋತಿರಾಜ್ ಅವರನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅಲ್ಲಿಂದಲೇ ಈ ಬರಹದ ಹೆಸರು. ನಿಮ್ಮ ಶಾಲೆಯ ಇತಿಹಾಸದ ಪಾಠದಲ್ಲಿ ತಾನಾಜಿ ಮಾಲುಸರೆ 1670ರಲ್ಲಿ ಸಿಂಹಗಡ ಹತ್ತಲು ಘೋರಪಡದ ಸೊಂಟಕ್ಕೆ ಹಗ್ಗ ಕಟ್ಟಿ ಬಿಟ್ಟ ಕಥೆ ಕೇಳಿರುತ್ತೀರಿ. ಅದು ದಂತಕಥೆ, ಇರಲಿ. ಆ ಘೋರಪಡವೇ ಕನ್ನಡದ ಉಡ. ಐದಾರು ಕಿಲೋದ ಪ್ರಾಣಿ, ಬಂಡೆ ಕಚ್ಚಿ ಹಿಡಿದರೆ ಬಿಡುವುದಿಲ್ಲ ಎಂಬ ಪ್ರತೀತಿ. ಹಟ ಹಿಡಿದವರನ್ನು ಕಂಡು 'ಉಡದ ಪಟ್ಟು ಹಿಡಿದಿದ್ದಾನೆ' ಎನ್ನುತ್ತೇವೆ. ನನ್ನ ಅಜ್ಜಿ ನನಗೆ ದಿನಕ್ಕೆರಡು ಸಲ ಹೇಳುತ್ತಿದ್ದರು. ಆಕೆ ನಲವತ್ತು ಕಿಲೋ ಇದ್ದರೆ ಹೆಚ್ಚು. ಬೆಳಿಗ್ಗೆ ಎದ್ದು ಬಾವಿಯಿಂದ ಮೂವತ್ತು ಕೊಡ ನೀರು ಸೇದುತ್ತಿದ್ದರು, ಆಮೇಲೆ ಮನೆಮಂದಿಗೆಲ್ಲ ಶ್ಯಾವಿಗೆ ಒತ್ತುತ್ತಿದ್ದರು. ನನ್ನ ಕಿವಿ ಹಿಂಡಿದ ದಿನವಿಡೀ ಉರಿಯುತ್ತಿತ್ತು.

ಅಂಥ ಕೈಗೆ ಈಗ ವೈದ್ಯರೂ ಬೆಲೆ ಕೊಡುತ್ತಾರೆ. ಭಾರತವೂ ಸೇರಿ 17 ದೇಶಗಳ ಸುಮಾರು 1,40,000 ಜನರ ಮುಷ್ಟಿಬಲ ಅಳೆದ ದೊಡ್ಡ ಅಧ್ಯಯನವೊಂದು 2015ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಹಿಡಿತ ಐದು ಕಿಲೋ ಕಡಿಮೆ ಇದ್ದವರಲ್ಲಿ ಸಾವಿನ ಅಪಾಯ ಶೇಕಡಾ 16ರಷ್ಟು ಹೆಚ್ಚು ಕಂಡಿತಂತೆ. ಮುಷ್ಟಿ ಬಲವಾಗಿದ್ದರೆ ಆಯುಷ್ಯ ಹೆಚ್ಚುತ್ತದೆ ಎಂದು ಇದರ ಅರ್ಥವಲ್ಲ. ಇಡೀ ದೇಹದ ಸ್ಥಿತಿಯನ್ನು ಮುಷ್ಟಿ ತೋರಿಸುತ್ತದೆ, ಅಷ್ಟೇ. ಆದರೂ ಹನ್ನೊಂದು ಕಿಲೋದ ನನಗೆ ಗಾಬರಿಯಾಗಲು ಅಷ್ಟು ಸಾಕಾಯಿತು.

ಮಾಣಿ ಆ ಜಿಮ್ ಬಿಟ್ಟ. ಡಬ್ಬದ ಪುಡಿ ಹೋಯಿತು, ಡಬ್ಬದಲ್ಲಿ ಈಗ ಹುರಿಗಡಲೆ ಇದೆ. ವಾರಕ್ಕೆ ಮೂರು ದಿನ ನಮ್ಮ ಕಟ್ಟಡದ ಟೆರೇಸಿನಲ್ಲಿ, ನೀರಿನ ಟ್ಯಾಂಕಿನ ಕೆಳಗಿನ ಕಬ್ಬಿಣದ ಅಡ್ಡಪೈಪಿಗೆ ಜೋತುಬೀಳುತ್ತಾನೆ. ದಿನವೂ ಬೇಡ, ಸ್ನಾಯುವಿನ ಹಾಗೆ ಹುರಿಗಳು ಬೇಗ ಬಲಿಯುವುದಿಲ್ಲ ಎಂದು ಫಿಸಿಯೋ ಹುಡುಗಿ ತಾಕೀತು ಮಾಡಿದ್ದಾಳೆ. ಅವನ ತೂಕ ಈಗಲೂ ಐವತ್ತೈದೇ. ಕಾಲೇಜಿನಲ್ಲಿ ಈಗಲೂ ಕಾಡಿ ಪೈಲವಾನ್ ಎನ್ನುತ್ತಾರಂತೆ. ಈಚೆಗೆ ಹಾಗೆ ಕರೆದವನ ಕೈ ಕುಲುಕಿ ಬಂದೆ ಎಂದ, ಹೆಚ್ಚು ವಿವರ ಹೇಳಲಿಲ್ಲ.

ಡಾಕ್ಟರರ ಒಪ್ಪಿಗೆ ಪಡೆದು ನಾನೂ ಶುರು ಮಾಡಿದ್ದೇನೆ. ಮೊದಲು ಒದ್ದೆ ಟವೆಲ್ ಹಿಂಡಿದೆ, ಆಮೇಲೆ ಅಕ್ಕಿ ತುಂಬಿದ ಬಕೆಟಿನಲ್ಲಿ ಬೆರಳು ಮುಳುಗಿಸಿ ಮುಷ್ಟಿ ಬಿಗಿದು ಬಿಚ್ಚಿದೆ. ಮುಳ್ಳು ಹತ್ತೊಂಬತ್ತಕ್ಕೆ ಬಂದಿದೆ. ಕಳೆದ ಭಾನುವಾರ ಮೊದಲ ಸಲ ಪೈಪಿಗೆ ಕೈ ಕೊಟ್ಟು, ಸ್ಟೂಲಿನಿಂದ ಪಾದ ಎತ್ತಿದೆ. ಸೀರೆ ಸೊಂಟಕ್ಕೆ ಸಿಕ್ಕಿಸಿ ಜೋತಾಡುತ್ತಿರುವಾಗ, ಬಟ್ಟೆ ಒಣಗಿಸಲು ಬಂದ ಕೆಳಗಿನ ಮನೆಯ ಕಾಕೂ ಬಕೆಟ್ ಹಿಡಿದು ನಿಂತುಬಿಟ್ಟರು. "ಅಗಬಾಯಿ, ಹೇ ಕಾಯ್?" ಎಂದರು. ಮಾಣಿ ಗಡಿಯಾರ ನೋಡುತ್ತಾ ಜೋರಾಗಿ ಎಣಿಸುತ್ತಿದ್ದ. ಹದಿಮೂರು, ಹದಿನಾಲ್ಕು. ಉತ್ತರ ಹೇಳಲು ನನ್ನಲ್ಲಿ ಉಸಿರಿರಲಿಲ್ಲ.