ಧೂಪದೆಣ್ಣೆಯೂ ಧೂಪದ ಮರವೂ

ಧೂಪದ ಕಂಪನ್ನು ಅರಿಯದ ಮನೆ ನಮ್ಮ ಸೀಮೆಯಲ್ಲಿ ಇರಲಾರದು. ಹರಿಹರದಲ್ಲಿ ತುಂಗಭದ್ರೆಯ ದಡದ ಮೇಲೆ ಹೊಯ್ಸಳರ ದಂಡನಾಯಕ ಪೋಲಾಳ್ವನು 1224ರ ಸುಮಾರಿನಲ್ಲಿ ಕಟ್ಟಿಸಿದ ಹರಿಹರೇಶ್ವರನ ಗುಡಿಯಲ್ಲಿ ಹರನೂ ಹರಿಯೂ ಒಂದೇ ಮೂರ್ತಿಯಾಗಿ ನಿಂತಿರುವಂತೆ, ಇಲ್ಲಿಯ ಎಲ್ಲ ಮತದವರಿಗೂ ಧೂಪವು ಒಂದೇ ಬಗೆಯಲ್ಲಿ ಬೇಕಾದುದಾಗಿದೆ. ವೀರಭದ್ರನ ಒಕ್ಕಲಿನವರು ಮದುವೆಯ ಸಮಯದಲ್ಲಿ ಪುರವಂತರ ಒಡಪುಗಳೊಡನೆ ಗುಗ್ಗಳದ ಕೊಡಗಳನ್ನು ಹೊರುವರು. ದರ್ಗಾಗಳಲ್ಲಿ ಲೋಬಾನವನ್ನು ಹಾಕುವರು. ಬಾಣಂತಿಯ ಕೋಣೆಯಲ್ಲಿ ಎರೆದ ಕೂಸಿಗೆ ಸಾಂಬ್ರಾಣಿಯ ಹೊಗೆ ಕೊಡುವರು. ಮಳೆಗಾಲದ ಸಂಜೆ ಸೊಳ್ಳೆಗಳು ಮುತ್ತಿದಾಗ ದನದ ಕೊಟ್ಟಿಗೆಯಲ್ಲಿಯೂ ಒಂದು ಹಿಡಿ ಧೂಪವನ್ನು ಕೆಂಡದ ಮೇಲೆ ಚೆಲ್ಲುವುದುಂಟು. ಇಷ್ಟು ಪರಿಚಿತವಾದ ಪದಾರ್ಥದ ವಿಷಯದಲ್ಲಿ ನಮ್ಮ ರೈತ ಬಾಂಧವರಿಗೆ ಹೊಸದಾಗಿ ಹೇಳತಕ್ಕದ್ದೇನಿದೆ ಎಂದು ವಾಚಕರು ಕೇಳಬಹುದು. ಹೇಳಲೇಬೇಕಾದ ಕಾರಣವೊಂದು ಒದಗಿರುವುದರಿಂದಲೇ ಈ ಲೇಖನ.

ಈಚಿನ ವರ್ಷಗಳಲ್ಲಿ ಧೂಪವು ಕೆಂಡವನ್ನು ಬಿಟ್ಟು ಸೀಸೆಯನ್ನು ಸೇರಿದೆ. ದಾವಣಗೆರೆಯ ಅಂಗಡಿಗಳಲ್ಲಿ ಬೆರಳುದ್ದದ ಸೀಸೆಗಳಲ್ಲಿ ಧೂಪದ ಸುಗಂಧತೈಲವನ್ನು ಮಾರುವರು. ಮಂಡಿನೋವು ಹೋಗುವುದು, ನಿದ್ರೆ ಬರುವುದು, ಚರ್ಮದ ಸುಕ್ಕು ಅಳಿಯುವುದು, ದಮ್ಮು ಇಳಿಯುವುದು ಎಂದು ಅದರ ಗುಣಗಳನ್ನು ಹೇಳುವರು. ನಮಗೆ ಪರಿಚಿತರಾದ ಹರಿಹರದ ಕಡೆಯ ರೈತರೊಬ್ಬರು, ಭದ್ರಾ ನಾಲೆಯ ಕೆಳಗೆ ಮೂವತ್ತು ವರ್ಷ ಕೆಸರಿನಲ್ಲಿ ನಿಂತು ಮಂಡಿಗಳನ್ನು ಸವೆಸಿಕೊಂಡವರು, ಇಂತಹ ಸೀಸೆಗಳಿಗೆ ಒಂದು ಚೀಲ ಗೊಬ್ಬರದ ಹಣಕ್ಕಿಂತ ಹೆಚ್ಚನ್ನು ತೆತ್ತರು. ತಿಂಗಳೆರಡು ಕಳೆದರೂ ನೋವು ಇದ್ದಂತೆಯೇ ಇತ್ತು. ಎಣ್ಣೆ ಸುಳ್ಳೋ, ಶಾಸ್ತ್ರ ಸುಳ್ಳೋ ಎಂದು ಅವರು ನಮ್ಮನ್ನು ಕೇಳಿದರು. ಎರಡೂ ಸುಳ್ಳಲ್ಲ; ಶಾಸ್ತ್ರವು ಹೊಗಳಿದ್ದು ಒಂದನ್ನು, ಅಂಗಡಿಯವರು ಮಾರಿದ್ದು ಇನ್ನೊಂದನ್ನು ಎಂಬುದೇ ನಮ್ಮ ಉತ್ತರ. ಇದನ್ನು ಸ್ವಲ್ಪ ವಿಸ್ತರಿಸಿ ಹೇಳುವುದು ಅವಶ್ಯಕ.

ಮೊದಲನೆಯದಾಗಿ ಹೆಸರುಗಳ ಗೊಂದಲವನ್ನು ಬಿಡಿಸಬೇಕು. ನಾವು ಧೂಪವೆಂದು ಕೊಳ್ಳುವ ಪದಾರ್ಥಗಳು ಒಂದೇ ಮರದವಲ್ಲ. ಸಾಂಬ್ರಾಣಿಯು ಸುಮಾತ್ರಾ ಮೊದಲಾದ ದ್ವೀಪಗಳ ಸ್ಟೈರಾಕ್ಸ್ ಜಾತಿಯ ಮರದ್ದು. ಅರಬ್ಬೀ ವರ್ತಕರು ಅದನ್ನು ಲುಬಾನ್ ಜಾವಿ, ಎಂದರೆ ಜಾವಾದ ಲೋಬಾನವೆಂದು ಕರೆದುದರಿಂದ ನಮ್ಮಲ್ಲಿ ಲೋಬಾನವೆಂಬ ಹೆಸರೂ ಅದಕ್ಕೆ ಅಂಟಿಕೊಂಡಿತು. ಗುಗ್ಗುಳವು ರಾಜಸ್ಥಾನ, ಗುಜರಾತುಗಳ ಒಣನೆಲದ ಮುಳ್ಳುಪೊದೆಯದು. ಬಿಳಿಧೂಪ, ರಾಳಧೂಪಗಳು ನಮ್ಮ ಮಲೆನಾಡಿನ ಹೆಮ್ಮರಗಳವು. ಊದುಬತ್ತಿಗೆ ಬೆರಸುವ ಹಾಲುಮಡ್ಡಿಯು ಮತ್ತೊಂದು ಮರದ್ದು. ಅರಬ್ಬೀ ಜನರ ನಿಜವಾದ ಲುಬಾನವು ಬಾಸ್ವೆಲಿಯ ಎಂಬ ಕುಲದ ಮರಗಳ ಅಂಟು. ಆ ಮರಗಳು ಅರೇಬಿಯದ ಒಮಾನ್, ಆಫ್ರಿಕದ ಸೊಮಾಲಿಯ, ಇಥಿಯೋಪಿಯ ಮುಂತಾದ ದೇಶಗಳಲ್ಲಿ ಬೆಳೆಯುವುವು. ಇದೇ ಕುಲಕ್ಕೆ ಸೇರಿದ ಮರವೊಂದು ನಮ್ಮ ದೇಶದಲ್ಲಿಯೂ ಉಂಟು. ಸಂಸ್ಕೃತದಲ್ಲಿ ಅದರ ಹೆಸರು ಶಲ್ಲಕೀ. ಅದರ ಅಂಟಿಗೆ ಕುಂದುರು ಎಂದು ಹೆಸರು. ಆನೆಗಳಿಗೆ ಪ್ರಿಯವಾದುದರಿಂದ ಮರಕ್ಕೆ ಗಜಭಕ್ಷ್ಯಾ ಎಂಬ ಹೆಸರೂ ಇದೆ. ಹಿಂದೀ ನಾಡಿನಲ್ಲಿ ಸಾಲಯಿ ಎನ್ನುವರು. ನಮ್ಮಲ್ಲಿ ಕೆಲವರು ಮಡ್ಡಿಯೆಂದೂ, ಕೆಲವರು ಗುಗ್ಗುಳದ ಮರವೆಂದೂ, ಕೆಲವರು ಬರಿದೆ ಧೂಪವೆಂದೂ ಕರೆಯುವರು. ಇದು ಲುಬಾನದ ಬಳಗದ್ದೆಂದು ಕೋಲ್‌ಬ್ರೂಕ್ ಎಂಬ ಸಂಸ್ಕೃತ ಪಂಡಿತನು 1807ರಲ್ಲಿಯೇ ಕಲ್ಕತ್ತೆಯಲ್ಲಿ ಪ್ರಕಟಿಸಿದನು.

ಹೆಸರಿನಿಂದ ಮೋಸಹೋಗದಂತೆ ಪದಾರ್ಥವನ್ನೇ ಪರೀಕ್ಷಿಸಲು ಒಂದು ಸುಲಭವಾದ ಉಪಾಯವಿದೆ. ಶಲ್ಲಕಿಯ ಅಂಟಿನಲ್ಲಿ ಎಣ್ಣೆ ಮತ್ತು ರಾಳಗಳಲ್ಲದೆ ನೀರಿನಲ್ಲಿ ಕರಗುವ ಗೋಂದೂ ಇರುವುದು. ಆದಕಾರಣ ಒಂದು ಹರಳನ್ನು ಪುಡಿಮಾಡಿ ನೀರು ಹಾಕಿ ಅರೆದರೆ ನೀರು ಹಾಲಿನಂತೆ ಬೆಳ್ಳಗಾಗುವುದು. ರಾಳಧೂಪ, ಸಾಂಬ್ರಾಣಿಗಳು ಹಾಗೆ ಹಾಲಾಗುವುದಿಲ್ಲ. ಎಣ್ಣೆಯಾದರೆ ಒಂದು ಹನಿಯನ್ನು ಬಿಳಿಯ ಕಾಗದದ ಮೇಲೆ ಬಿಟ್ಟು ಕಾದು ನೋಡಬೇಕು. ಸುಗಂಧತೈಲವು ಬಹುಮಟ್ಟಿಗೆ ಆರಿಹೋಗುವುದು. ಜಿಡ್ಡಿನ ಕಲೆ ನಿಂತರೆ ಅಡಿಗೆಯ ಎಣ್ಣೆಯಂತಹ ಅಗ್ಗದ ಎಣ್ಣೆ ಬೆರೆತಿದೆಯೆಂದು ತಿಳಿಯಬೇಕು. ಆದರೆ ಟರ್ಪೆಂಟೈನನ್ನು ಬೆರಸಿದ್ದರೆ ಈ ಪರೀಕ್ಷೆಯಿಂದ ಗೊತ್ತಾಗದು. ಅದೂ ಹಾಗೆಯೇ ಆರುವುದು.

ಇನ್ನು ಗುಣದ ಮಾತು. ನಮ್ಮ ವೈದ್ಯರು ಹಿಂದಿನಿಂದ ಬಳಸಿದ್ದು ಅಂಟನ್ನು ಮತ್ತು ತೊಗಟೆಯನ್ನು. ಅಂಟನ್ನು ಶುದ್ಧಿಮಾಡಿ ಕೀಲುನೋವು, ಊತಗಳಿಗೆ ಹೊಟ್ಟೆಗೆ ಕೊಡುವರು; ಲೇಪಗಳಲ್ಲಿಯೂ ಕೂಡಿಸುವರು. ಆಧುನಿಕ ಪರೀಕ್ಷೆಗಳು ಈ ರೂಢಿಗೆ ಕೆಲಮಟ್ಟಿಗೆ ಬೆಂಬಲವನ್ನು ಕೊಟ್ಟಿವೆ. ನಾಗಪುರದಲ್ಲಿ ಮಂಡಿನೋವಿನ 30 ಮಂದಿ ರೋಗಿಗಳ ಮೇಲೆ ನಡೆಸಿ 2003ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಶಲ್ಲಕಿಯ ಸಾರವನ್ನು ತೆಗೆದುಕೊಂಡವರಿಗೆ ನೋವೂ ಊತವೂ ಕಡಮೆಯಾದುವು. ಇಂತಹ ಪರೀಕ್ಷೆಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದ ಕಾಕ್ರೇನ್ ಸಂಸ್ಥೆಯ 2014ರ ವಿಮರ್ಶೆಯು ಉಪಯೋಗವಿದೆ, ಆದರೆ ಅದು ಅಲ್ಪಪ್ರಮಾಣದ್ದು ಎಂದಿತು. ಇಲ್ಲಿ ಗಮನಿಸಬೇಕಾದ ಮುಖ್ಯಾಂಶವೊಂದಿದೆ. ಆ ಗುಣಕ್ಕೆ ಕಾರಣವೆಂದು ರಸಾಯನಜ್ಞರು ಹೇಳುವ ಬಾಸ್ವೆಲಿಕ್ ಆಮ್ಲಗಳು ರಾಳದಲ್ಲಿರುವುವು. ಅವು ಭಾರವಾದ ವಸ್ತುಗಳು, ಆವಿಯೊಡನೆ ಮೇಲೇಳುವುದಿಲ್ಲ. ಸುಗಂಧತೈಲವನ್ನು ತೆಗೆಯುವುದಾದರೋ ಅಂಟಿನ ಮೂಲಕ ಹಬೆಯನ್ನು ಹಾಯಿಸಿ, ಆ ಹಬೆಯನ್ನು ತಣಿಸಿ. ಎಂದಮೇಲೆ ಹಬೆಯೊಡನೆ ಬಂದ ಹಗುರವಾದ ಎಣ್ಣೆ ಸೀಸೆಗೆ ಹೋಗುವುದು. ಮಂಡಿಗೆ ಬೇಕಾದುದು ಹಂಡೆಯ ತಳದಲ್ಲಿ ಉಳಿಯುವುದು. ನಮ್ಮ ರೈತಮಿತ್ರರು ಹಣ ತೆತ್ತದ್ದು ಮೊದಲನೆಯದಕ್ಕೆ, ನಂಬಿದ್ದು ಎರಡನೆಯದನ್ನು.

ಹಾಗಾದರೆ ಎಣ್ಣೆಯು ನಿಷ್ಪ್ರಯೋಜಕವೇ? ಹಾಗೆಂದು ನಾವು ಹೇಳುವುದಿಲ್ಲ. ಅದರ ಪರಿಮಳ ಹಿತವಾದುದು; ದಣಿದ ಮನಸ್ಸಿಗೆ ಹಿತವಾದ ಪರಿಮಳದಿಂದ ನೆಮ್ಮದಿಯುಂಟಾಗುವುದು ಯಾರ ಅನುಭವಕ್ಕೂ ಬಂದ ಸಂಗತಿ. ಒಂದು ಚಮಚ ಕೊಬ್ಬರಿ ಎಣ್ಣೆಗೆ ಎರಡು ಹನಿ ಬೆರಸಿ ಮೈಕೈಗೆ ತಿಕ್ಕಿಸಿಕೊಂಡರೆ ಸುಖವೆನಿಸಬಹುದು. ಆ ಸುಖದಲ್ಲಿ ತಿಕ್ಕುವ ಕೈಯ ಪಾಲೂ ಇದೆ. ಅದಕ್ಕಿಂತ ಹೆಚ್ಚನ್ನು ಅದರಿಂದ ಅಪೇಕ್ಷಿಸಲಾಗದು. ಸುಗಂಧತೈಲವನ್ನು ಕುಡಿಯಕೂಡದು, ಬೆರಸದೆ ಹಚ್ಚಕೂಡದು, ಕಣ್ಣಿಗೆ ತಾಗಿಸಕೂಡದು, ಹಳೆಯದಾಗಿ ವಾಸನೆ ಕೆಟ್ಟುದನ್ನು ಚರ್ಮಕ್ಕೆ ಸೋಕಿಸಕೂಡದು. ಗರ್ಭಿಣಿಯರೂ ಬೇರೆ ಔಷಧವನ್ನು ಸೇವಿಸುತ್ತಿರುವವರೂ ವೈದ್ಯರನ್ನು ಕೇಳದೆ ಎಣ್ಣೆಯನ್ನಾಗಲಿ ಶಲ್ಲಕಿಯ ಗುಳಿಗೆಯನ್ನಾಗಲಿ ಉಪಯೋಗಿಸಬಾರದು. ಕೂಸಿಗೆ ಹೊಗೆ ಕೊಡುವ ವಾಡಿಕೆಯನ್ನು ಕುರಿತು ಒಂದು ಮಾತು: ಅಜ್ಜಿಯರ ಪ್ರೀತಿಯಲ್ಲಿ ದೋಷವಿಲ್ಲ, ಆದರೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡದ ಹೊಗೆ ಎಳೆಯ ಶ್ವಾಸಕೋಶಗಳಿಗೆ ಕೇಡು. ಕಂಪು ಮನೆಗಿರಲಿ, ಹೊಗೆ ಆರಿದ ಮೇಲೆ ಕೂಸನ್ನು ಒಳಕ್ಕೆ ತರಲಿ.

ಈವರೆಗೆ ಹೇಳಿದ್ದು ಕೊಳ್ಳುವವರ ಹಿತಕ್ಕೆ. ನಮ್ಮ ಇಲಾಖೆಯ ವಾಚಕರು ಬೆಳೆಯುವವರು. ಅವರು ಮರದ ಕಡೆಯಿಂದಲೂ ಯೋಚಿಸಬೇಕು. ಶಲ್ಲಕಿಯು ಒಣ ಎಲೆಯುದುರುವ ಕಾಡಿನ ಮರ. ಕಲ್ಲುಗುಡ್ಡದ ತೆಳುವಾದ ಮಣ್ಣಿನಲ್ಲಿಯೂ ಬದುಕುವುದು. ಬೂದುಬಣ್ಣಕ್ಕೆ ಹಸುರು ಬೆರೆತ ತೊಗಟೆ ಕಾಗದದಂತೆ ಹಾಳೆಹಾಳೆಯಾಗಿ ಸುಲಿಯುವುದು. ಎಲೆಯ ಅಂಚು ಗರಗಸದಂತೆ. ಹೂವು ಸಣ್ಣದು, ಬಿಳಿ. ಕಾಯಿಗೆ ಮೂರು ಮೂಲೆ. ದನಕರುಗಳು ಸಾಮಾನ್ಯವಾಗಿ ಇದನ್ನು ಮೇಯುವುದಿಲ್ಲ. ಮಧ್ಯಪ್ರದೇಶದಲ್ಲಿ ಇದು ಹೇರಳವಾಗಿದ್ದುದರಿಂದಲೇ 1950ರ ದಶಕದಲ್ಲಿ ನೇಪಾನಗರದ ಕಾಗದದ ಕಾರ್ಖಾನೆಯವರು ವೃತ್ತಪತ್ರಿಕೆಯ ಕಾಗದಕ್ಕೆ ಇದರ ಮರವನ್ನು ಉಪಯೋಗಿಸತೊಡಗಿದರು.

ಅಂಟನ್ನು ತೆಗೆಯುವವರು ಮಳೆಗಾಲ ಕಳೆದ ಮೇಲೆ ಬಲಿತ ಮರದ ತೊಗಟೆಯನ್ನು ತೆಳ್ಳಗೆ ಹೆರೆಯುವರು. ಒಸರಿದ ಅಂಟು ಗಟ್ಟಿಯಾದ ಮೇಲೆ ಕೆತ್ತಿಕೊಂಡು ಗಾಯವನ್ನು ಮತ್ತೆ ಹೊಸದುಮಾಡುವರು. ದೊಡ್ಡ ಮರವೊಂದರಿಂದ ವರ್ಷಕ್ಕೆ ಸುಮಾರು 1 ಕಿಲೋಗ್ರಾಂ ಅಂಟು ದೊರೆಯುವುದು. ಅದರಲ್ಲಿ ಎಣ್ಣೆ ನೂರಕ್ಕೆ 5ರಿಂದ 9 ಭಾಗ. ಎಂದರೆ ಒಂದು ಮರವು ವರ್ಷವೆಲ್ಲ ಸುರಿಸಿದ ಕಣ್ಣೀರಿನಿಂದ 10 ಮಿಲಿಲೀಟರಿನ ಆರರಿಂದ ಹತ್ತು ಸೀಸೆಗಳು ಮಾತ್ರ ತುಂಬುವುವು. ಸೀಸೆಗೆ ಗಿರಾಕಿಗಳು ಹೆಚ್ಚಿದಷ್ಟೂ ಮರಕ್ಕೆ ಗಾಯಗಳು ಹೆಚ್ಚುವುವೆಂಬುದಕ್ಕೆ ಈ ಲೆಕ್ಕವೇ ಸಾಕು.

ಗಾಯಗಳು ಹೆಚ್ಚಿದರೆ ಆಗುವುದೇನೆಂಬುದಕ್ಕೆ ಆಫ್ರಿಕದ ನಿದರ್ಶನವಿದೆ. ಅಲ್ಲಿಯ ಬಾಸ್ವೆಲಿಯ ಮರಗಳನ್ನು ಎರಿತ್ರಿಯದಲ್ಲಿ ಪರೀಕ್ಷಿಸಿದ ವಿದ್ವಾಂಸರು 2006ರಲ್ಲಿ ತಿಳಿಸಿದ್ದೇನೆಂದರೆ, ಗಾಯಮಾಡದ ಮರದ ಬೀಜಗಳು ನೂರಕ್ಕೆ 80ಕ್ಕೂ ಮೇಲ್ಪಟ್ಟು ಮೊಳೆತರೆ, ಬಹಳವಾಗಿ ಅಂಟು ತೆಗೆದ ಮರದ ಬೀಜಗಳು ಸುಮಾರು 16 ಮಾತ್ರ ಮೊಳೆತುವು. ರಾಳಕ್ಕೆ ಸಾರವೆಲ್ಲ ಹೋದಮೇಲೆ ಬೀಜಕ್ಕೆ ಉಳಿಯುವುದೇನು? 2019ರಲ್ಲಿ ಪ್ರಕಟವಾದ ಮತ್ತೊಂದು ಶೋಧನೆಯು, ಅನೇಕ ಕಾಡುಗಳಲ್ಲಿ ಎಳೆಯ ಮರಗಳೇ ಇಲ್ಲವೆಂದೂ, ಹೀಗೆಯೇ ನಡೆದರೆ 20 ವರ್ಷಗಳಲ್ಲಿ ಲುಬಾನದ ಉತ್ಪತ್ತಿ ಅರ್ಧಕ್ಕಿಳಿಯುವುದೆಂದೂ ಎಚ್ಚರಿಸಿತು. ಬೆಂಕಿ, ದನಗಳ ಮೇವು, ಮಿತಿಮೀರಿದ ಗಾಯ ಇವೇ ಕಾರಣಗಳು.

ಅಷ್ಟು ದೂರ ಹೋಗುವುದೇಕೆ? ಗಂಧದ ಮರದ ಕಥೆ ನಮ್ಮದೇ ಅಲ್ಲವೇ? ಟಿಪ್ಪು ಸುಲ್ತಾನನು 1792ರಲ್ಲಿ ಅದನ್ನು ರಾಜವೃಕ್ಷವೆಂದು ಸಾರಿದನು. 1916-17ರಲ್ಲಿ ಮೈಸೂರಿನಲ್ಲಿಯೂ, 1944ರಲ್ಲಿ ನಮ್ಮ ನೆರೆಯ ಶಿವಮೊಗ್ಗದಲ್ಲಿಯೂ ಗಂಧದೆಣ್ಣೆಯ ಕಾರ್ಖಾನೆಗಳು ಎದ್ದುವು. ಎಣ್ಣೆಯ ಕೀರ್ತಿ ಲೋಕವನ್ನೆಲ್ಲ ಮುಟ್ಟಿತು. ಮರವು ಕಾಡಿನಿಂದ ಮಾಯವಾಗುತ್ತ ಬಂದು ಕಾರ್ಖಾನೆಗಳಿಗೇ ಕೊರಡಿನ ಅಭಾವವುಂಟಾಯಿತು. ತನ್ನ ಹೊಲದಲ್ಲಿ ಹುಟ್ಟಿದ ಗಂಧದ ಮರವು ತನ್ನದೆಂದು ರೈತನು ಹೇಳಿಕೊಳ್ಳುವಂತಾದುದು 2001ರ ಕಾನೂನಿನ ತಿದ್ದುಪಡಿಯ ಮೇಲೆಯೇ. ಎಣ್ಣೆಯನ್ನು ಮೊದಲು ಎಣಿಸಿ ಮರವನ್ನು ಕಡೆಗೆ ಎಣಿಸಿದ ಫಲವಿದು. ಧೂಪದಲ್ಲಿ ಅದೇ ತಪ್ಪನ್ನು ಮಾಡಬೇಕಾಗಿಲ್ಲ.

ಆದಕಾರಣ ನಮ್ಮ ಅಭಿಪ್ರಾಯವಿಷ್ಟು. ನಾಲೆಯ ನೀರುಂಡು ಭತ್ತ ಬೆಳೆಯುವ ಹರಿಹರದ ಗದ್ದೆಗಳಲ್ಲಿ ಈ ಮರಕ್ಕೆ ಸ್ಥಳವಿಲ್ಲ. ನೀರು ನಿಲ್ಲುವ ನೆಲ ಇದಕ್ಕೆ ಆಗದು. ಆದರೆ ದಾವಣಗೆರೆಯ ಉತ್ತರಕ್ಕೂ ಪೂರ್ವಕ್ಕೂ, ಜಗಳೂರಿನ ಕಡೆ, ಮೆಕ್ಕೆಜೋಳವೂ ಸರಿಯಾಗಿ ಬಾರದ ಗರಸುನೆಲಗಳೂ ಬೋಳುಗುಡ್ಡಗಳೂ ಇವೆ. ಅಂತಹ ನೆಲವಿದ್ದವರು ಬದುಗಳಲ್ಲಿ ನಾಲ್ಕಾರು ಮರಗಳನ್ನು ಬೆಳೆಸಿ ನೋಡಬಹುದು. ಒಂಟಿ ಮರವು ತನ್ನ ಪರಾಗದಿಂದಲೇ ಕಾಯಿ ಕಟ್ಟಲಾರದು. ಬೇರೆ ಬೇರೆ ಮರಗಳ ಸಂತತಿ ಹತ್ತಿರದಲ್ಲಿರಬೇಕು. ಬೀಜದಲ್ಲಿ ಬಹುಭಾಗ ಜಳ್ಳಾದುದರಿಂದ ಬೇಸಗೆಯಲ್ಲಿ ಕೊಂಬೆಯ ತುಂಡುಗಳನ್ನೂ ನೆಟ್ಟು ಪ್ರಯತ್ನಿಸಬೇಕು. ಎಕರೆಗೆ ಇಷ್ಟು ಲಕ್ಷ ಲಾಭವೆಂದು ಯಾರಾದರೂ ಸಸಿಗಳನ್ನು ಮಾರಲು ಬಂದರೆ, ಸಾಲ ಮಾಡಿ ಕೊಳ್ಳಬೇಡಿರಿ. ಇದು ಮೊಮ್ಮಕ್ಕಳ ಕಾಲಕ್ಕೆ ಫಲಿಸುವ ಮರ, ಹೊಲದ ಅಂಚಿಗೆ ತಕ್ಕುದು, ಹೊಟ್ಟೆಯ ಬೆಳೆಗೆ ಬದಲಲ್ಲ. ಕಾಡಿನ ಮರಕ್ಕೆ ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಕತ್ತಿ ಹಾಕಲೇಬಾರದು. ಸ್ವಂತ ಮರಕ್ಕಾದರೂ ಪೂರ್ತಿ ಬಲಿಯುವವರೆಗೆ ಗಾಯ ಬೇಡ. ಬಲಿತ ಮೇಲೂ ಸುತ್ತ ತೊಗಟೆಯನ್ನು ಸುಲಿಯದೆ, ಮಧ್ಯೆ ಮಧ್ಯೆ ವರ್ಷಗಟ್ಟಲೆ ವಿಶ್ರಾಂತಿ ಕೊಡಬೇಕು.

ಸರ್ಕಾರದವರು ಮಾಡತಕ್ಕ ಕೆಲಸವೂ ಉಂಟು. ಧೂಪವೆಂಬ ಒಂದೇ ಹೆಸರಿನಲ್ಲಿ ಹತ್ತು ಪದಾರ್ಥಗಳನ್ನು ಮಾರುವುದು ನಿಲ್ಲಬೇಕು. ಯಾವ ಮರದ್ದು, ಯಾವ ದೇಶದ್ದು ಎಂದು ಪೊಟ್ಟಣದ ಮೇಲೆಯೂ ಸೀಸೆಯ ಮೇಲೆಯೂ ಕನ್ನಡದಲ್ಲಿ ಬರೆದಿರಬೇಕು. ಅಂಟನ್ನು ಆರಿಸಿ, ಕಸ ತೆಗೆದು, ಬಣ್ಣಕ್ಕನುಸಾರವಾಗಿ ವಿಂಗಡಿಸುವ ಕೆಲಸವನ್ನು ಹಳ್ಳಿಯ ಸ್ತ್ರೀಯರ ಸಂಘಗಳಿಗೆ ಕಲಿಸಿದರೆ, ಎಣ್ಣೆಯ ಹಂಡೆಯಿಲ್ಲದೆಯೂ ನಾಲ್ಕು ಕಾಸು ಹಳ್ಳಿಯಲ್ಲಿಯೇ ನಿಲ್ಲುವುದು.

ಹಿರಿಯರು ಧೂಪವನ್ನು ಚಿಟಿಕೆಯ ಲೆಕ್ಕದಲ್ಲಿ ಬಳಸುತ್ತಿದ್ದರು. ದೇವರ ಮುಂದೆ ಒಂದು ಚಿಟಿಕೆ, ಕೊಟ್ಟಿಗೆಗೆ ಒಂದು ಹಿಡಿ. ಆ ಮಿತಿಯಲ್ಲಿ ಮರವೂ ಬದುಕಿತು, ಮನೆಯೂ ಕಂಪಾಯಿತು. ಮಂಡಿ ನೊಂದವರು ಒಳ್ಳೆಯ ವೈದ್ಯರನ್ನು ಕಾಣಲಿ. ಪರಿಮಳ ಬೇಕಾದವರು ಚಿಟಿಕೆ ಧೂಪವನ್ನು ಹಾಕಲಿ. ನೆಲವಿದ್ದವರು ನಾಲ್ಕು ಸಸಿಗಳನ್ನು ನೆಡಲಿ. ನಮ್ಮ ಆ ರೈತಮಿತ್ರರು ಈಗ ವೈದ್ಯರ ಮಾತಿನಂತೆ ನಡೆಯುತ್ತಿರುವರು. ಖಾಲಿಯಾದ ಸೀಸೆಗಳನ್ನು ತೋರಿಸಿ, ಈ ಹಣಕ್ಕೆ ಎಷ್ಟು ಸಸಿಗಳು ಬರುತ್ತಿದ್ದುವು ಎಂದು ಅವರು ಮೊನ್ನೆ ಕೇಳಿದರು. ಸೀಸೆಯನ್ನು ಕೊಳ್ಳುವ ಮುನ್ನವೇ ಎಲ್ಲರೂ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.